ನಮ್ಮ ಮನೆಗೆ ಆಗಿಬರದ ಪುದೀನ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಉರಿಗಾಂನಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಿಕೊಳ್ಳಲಿ. ಆ ಕೋಪ ಇದ್ದದ್ದರಿಂದಲೇ ನಮ್ಮ ಅತ್ತೆ ಮುನಿಗಂಗಮ್ಮ ಕೊನೆಗಾಲದಲ್ಲಿ ನೆಮ್ಮದಿಯಾಗಿ ಇದ್ದದ್ದು, ಗಣಿ ಕೆಲಸಗಾರರ ಮನೆಸಾಲಾದ ನಮ್ಮ ಲೈನಿನ ಅರ್ಧ ಮನೆಗಳ ಒರಳಿಗೆ ನಮ್ಮ ಅಂಗಳದ ಪುದೀನ ಬಿದ್ದದ್ದು. ಇದನ್ನು ಹೇಳುವಾಗ ನಾನು ಸ್ವಲ್ಪ ಜಂಬ ಮಾಡುತ್ತೇನೆ. ಮಾಡಬೇಕಾದ್ದೇ.

ಇಲ್ಲಿನ ಚಿನ್ನದ ಗಣಿಯನ್ನು ಸರ್ಕಾರ ವಹಿಸಿಕೊಂಡ ಮರುವರ್ಷ ನನ್ನ ಮದುವೆಯಾಯಿತು. ನಮ್ಮದು ಬಂಗಾರಪೇಟೆ ಪಕ್ಕದ ಹಳ್ಳಿ. ಎತ್ತು ಕಟ್ಟಿ ನೀರೆತ್ತುವ ಅಪ್ಪ ಬಚ್ಚಪ್ಪನ ಕಪಿಲೆ ಬಾವಿಯಿಂದ ನೀರು ಹರಿಯುವ ಕಾಲುವೆ ಉದ್ದಕ್ಕೂ ಪುದೀನ. ಅದನ್ನು ಯಾರೂ ನೆಟ್ಟಿರಲಿಲ್ಲ ಅನ್ನಬೇಕು, ಅದೇ ನಡೆದುಕೊಂಡು ಹೋಗಿತ್ತು. ಪುದೀನಕ್ಕೆ ಬೀಜದ ಗೊಡವೆ ಇಲ್ಲ. ಒಂದು ಕಡ್ಡಿ ಮುರಿದು ಹಸಿ ಮಣ್ಣಿಗೆ ಒತ್ತಿದರೆ ಗಿಣ್ಣಿನಲ್ಲಿ ಬೇರು ಬಿಟ್ಟು, ನೆಲಕ್ಕೆ ಅಂಟಿಕೊಂಡೇ ಮುಂದೆ ಮುಂದೆ ಸಾಗುತ್ತದೆ. ಮನೆ ತುಂಬಿಸಿಕೊಳ್ಳುವ ದಿನ ನಾನು ಸೀರೆಗಳ ನಡುವೆ ಒಂದು ಒದ್ದೆ ಬಟ್ಟೆಯಲ್ಲಿ ಪುದೀನದ ಕಡ್ಡಿಗಳನ್ನು ಬೇರು ಸಮೇತ ಸುತ್ತಿ ತಂದಿದ್ದೆ. ತವರಿನಿಂದ ಬೇರೇನೂ ತರಬೇಕು ಅನ್ನಿಸಿರಲಿಲ್ಲ.

ಅತ್ತೆ ಆ ಬಟ್ಟೆ ಬಿಚ್ಚಿ ನೋಡಿದವರೇ ಕೈ ಹಿಂದಕ್ಕೆ ಎಳೆದುಕೊಂಡರು.

"ಇದನ್ನ ಆಚೆಗೆ ಆಕು," ಎಂದರು. "ನಮ್ಮನೆಗೆ ಪುದೀನ ಆಗಿಬರಾಕಿಲ್ಲ."

"ತಿನ್ನಾಕಿಲ್ವಾ ಅತ್ತೆ?"

"ತಿನ್ನೋದು ತಿನ್ತೀವಿ. ಅಂಗಡಿಯಿಂದ ತಂದು ತಿನ್ತೀವಿ. ಬೇರಿರೋದು ಒಸಿಲು ದಾಟಬಾರದು."

ಕೆಲವು ಮನೆಗಳಿಗೆ ಪಡವಲ ಆಗಿಬರುವುದಿಲ್ಲ, ಕೆಲವರಿಗೆ ಹಾಗಲದ ಬಳ್ಳಿ. ನಮ್ಮ ಊರಲ್ಲೂ ಇದೆ. ಆದರೆ ಪುದೀನ ಆಗಿಬರದ ಮನೆಯನ್ನು ನಾನು ಕಂಡದ್ದು ಅದೇ ಮೊದಲು. ಹೊಸ ಸೊಸೆ ಎಂದು ಬಾಯಿ ಮುಚ್ಚಿಕೊಂಡೆ. ಅದೂ ಒಂದು ವಾರ ಮಾತ್ರ.

ಕಾರಣ ಹೇಳಿದ್ದು ನನ್ನ ಗಂಡ ಕೋದಂಡಪ್ಪ. ಅವನು ಇನ್ನೂ ಶಾಲೆಗೆ ಹೋಗುತ್ತಿದ್ದಾಗ ಅವರೆಲ್ಲ ಈ ಮನೆಗೆ ಬಂದರಂತೆ. ಅಂಗಳ ತಗ್ಗು, ಮಳೆ ಬಂದರೆ ನೀರು ನಿಂತು ಕೊಚ್ಚೆ. ಮಾವ ಸೊಣ್ಣಪ್ಪ ಪಾಳಿ ಮುಗಿಸಿ ಬಂದು, ದಣಿದ ಮೈಯಲ್ಲೇ ಗೋಣಿಚೀಲದಲ್ಲಿ ಬಿಳಿ ಮರಳು ಹೊತ್ತು ತಂದು ಅಂಗಳ ಎತ್ತರ ಮಾಡಿದರು. ಅತ್ತೆ ಸಂತೋಷದಿಂದ ಬಚ್ಚಲ ನೀರು ಹೋಗುವ ಕಡೆ ಪುದೀನ ನೆಟ್ಟರು. ಅದು ನಾಲ್ಕು ದಿನಕ್ಕೇ ಕಪ್ಪಾಗಿ ಸತ್ತಿತು. ಅದೇ ವಾರ ಗಣಿಯೊಳಗೆ ಬಂಡೆ ಸಿಡಿದು ಮಾವ ಮೇಲಕ್ಕೆ ಬರಲಿಲ್ಲ. ಸಾವಿನ ಮನೆಗೆ ಬಂದ ಯಾವಳೋ ಒಬ್ಬಳು, "ಪುದೀನ ಮುಂಚೇನೇ ತೋರಿಸ್ಕೊಟ್ಟೈತೆ ನೋಡು" ಎಂದಳಂತೆ. ಅವಳ ಬಾಯಿಗೆ ಬೆಂಕಿ ಬೀಳ. ಅವತ್ತಿನಿಂದ ಆ ಮಾತು ಆ ಮನೆಯಲ್ಲಿ ಬೇರು ಬಿಟ್ಟು ಕೂತುಬಿಟ್ಟಿತ್ತು.

ಅಂಗಳದ ಮೇಲೆ ಮಾತ್ರ ಅತ್ತೆಗೆ ಬಹಳ ಅಕ್ಕರೆ. ದಿನ ಬೆಳಗಾದರೆ ಕಸಬರಿಕೆ ಹಿಡಿದು ನಿಧಾನವಾಗಿ, ಮರಳು ಚೆದುರದ ಹಾಗೆ ಗುಡಿಸುತ್ತಿದ್ದರು. ಮಾವ ಕೊನೆಯದಾಗಿ ಮಾಡಿದ ಕೆಲಸ ಅದು. ಅಲ್ಲಿ ಯಾರೂ ಗುದ್ದಲಿ ಹಾಕುವಂತಿರಲಿಲ್ಲ.

ಇತ್ತ ನನ್ನ ಗಂಡನ ಪಾಡು ಬೇರೆ. ಗಣಿಯೊಳಗೆ ಮರದ ಆಸರೆ ಕಟ್ಟುವ ಕೆಲಸ ಅವನದು. ಮದ್ದು ಸಿಡಿದ ಹೊಗೆ, ಕಲ್ಲಿನ ಧೂಳು ಎಲ್ಲ ಗಂಟಲಿಗೆ ಇಳಿದು ಮನೆಗೆ ಬಂದರೆ ಯಾವ ಊಟವೂ ರುಚಿಸುತ್ತಿರಲಿಲ್ಲ. ಪುದೀನ, ಹಸಿಮೆಣಸು, ಹುಣಿಸೆ ಅರೆದು ಮುದ್ದೆ ಜೊತೆ ಕೊಟ್ಟ ದಿನ ಮಾತ್ರ ಎರಡನೇ ಮುದ್ದೆ ಕೇಳುತ್ತಿದ್ದ. "ಬಾಯಿ ತೊಳೆದಂಗೆ ಆಯ್ತದೆ ರತ್ನಾ" ಅನ್ನುತ್ತಿದ್ದ. ನನ್ನ ಹೆಸರು ವೆಂಕಟರತ್ನಮ್ಮ, ಅವನಿಗೆ ರತ್ನ. ಅಂಥ ಗಂಡನಿಗೆ ದಿನಾ ಪುದೀನ ಕೊಡಬೇಕು ಅನ್ನಿಸಿದ್ದು ತಪ್ಪಾ?

ಅತ್ತೆ ಬಂಗಾರಪೇಟೆ ಸಂತೆಗೆ ಹೋದರೆ ಒಂದು ಕಟ್ಟು ತರುತ್ತಿದ್ದರು. ಬಾಡಿ ಬಸವಳಿದ ಕಟ್ಟು. ಒಂದು ಸಲ ಬಿಚ್ಚಿದರೆ ಅರ್ಧ ನಾಯಿತುಳಸಿ. ನಾನು ಅಲ್ಲೇ ನೆಲದ ಮೇಲೆ ಎರಡು ಗುಡ್ಡೆ ಮಾಡಿ ತೋರಿಸಿದೆ.

"ಇಲ್ಲಿ ನೋಡಿ ಅತ್ತೆ. ಎರಡರ ಕಡ್ಡೀನೂ ನಾಕು ಮೂಲೆ, ಅದಕ್ಕೇ ಮೋಸ ಓಗೋದು. ಪುದೀನದ ಎಲೆಗೆ ತೊಟ್ಟೇ ಇಲ್ಲ, ಕಡ್ಡೀಗೆ ಅಂಟಿಕೊಂಡೇ ಕೂತದೆ. ಮೈಯೆಲ್ಲ ಸುಕ್ಕು, ಅಂಚು ಗರಗಸ. ನಾಯಿತುಳಸಿಗೆ ಉದ್ದ ತೊಟ್ಟು, ಮೈಮ್ಯಾಲೆ ನವಿರು. ಆಮೇಲೆ ಉಜ್ಜಿ ಮೂಸಿ. ಪುದೀನ ಮೂಗು ತಣ್ಣಗೆ ಮಾಡ್ತದೆ, ಇದು ಮೂಗಿಗೆ ಒಡೀತದೆ."

ಅತ್ತೆ ಎರಡನ್ನೂ ಮೂಸಿದರು. ಸಂತೆಯವಳಿಗೆ ನಾಲ್ಕು ಮಾತು ಬೈದರು. ನನ್ನನ್ನು ಹೊಗಳಲಿಲ್ಲ, ಆದರೆ ಮುಂದಿನ ಸಂತೆಯಲ್ಲಿ ಪ್ರತಿ ಕಡ್ಡಿಯನ್ನೂ ತಿರುವಿ ನೋಡಿ ತಂದರು ಎಂದು ಜೊತೆಗೆ ಹೋಗಿದ್ದ ಮಾರಿಯಮ್ಮ ಹೇಳಿದಳು. ಮಾರಿಯಮ್ಮ ನಮ್ಮ ಪಕ್ಕದ ಮನೆಯವಳು. ಮನೆಮಾತು ತಮಿಳು, ಜಗಳ ಮಾತ್ರ ಮೂರು ಭಾಷೆಯಲ್ಲಿ. ಬೀದಿ ನಲ್ಲಿ ಅವಳ ಗೋಡೆಗೆ ತಾಗಿಕೊಂಡೇ ಇದ್ದದ್ದರಿಂದ ನಲ್ಲಿಗೆ ಅವಳೇ ಯಜಮಾನಿ.

ಅಷ್ಟಾದ ಮೇಲೆ ನನಗೆ ತಡೆಯಲಾಗಲಿಲ್ಲ. ತವರಿಗೆ ಹೋಗಿ ಬಂದಾಗ ನಾಲ್ಕು ಕಡ್ಡಿ ತಂದು, ಬಚ್ಚಲ ಕಲ್ಲಿನ ಹಿಂದೆ ಯಾರಿಗೂ ಕಾಣದ ಹಾಗೆ ನೆಟ್ಟೆ. ಚಿಗುರಿ ಹರಡಿದ ಮೇಲೆ ತೋರಿಸಿದರೆ ಯಾರು ಬೇಡ ಅಂತಾರೆ ಎಂದು ನನ್ನ ಲೆಕ್ಕ. ಎರಡೇ ದಿನಕ್ಕೆ ಎಲೆಯ ಅಂಚು ಸುಟ್ಟ ಹಾಗಾಯಿತು. ಆಮೇಲೆ ಕಡ್ಡಿಯೇ ಕಪ್ಪಾಯಿತು. ಆ ಹೊತ್ತಿಗೇ ಗಂಡನ ಕೈ ಮರದ ದಿಮ್ಮಿಯ ಕೆಳಗೆ ಸಿಕ್ಕಿ, ಅವನು ದೊಡ್ಡ ಬಟ್ಟೆ ಸುತ್ತಿಸಿಕೊಂಡು ಮನೆಗೆ ಬಂದ. ಎರಡು ಬೆರಳು ಊದಿದ್ದವು, ಬೇರೇನೂ ಆಗಿರಲಿಲ್ಲ. ಆದರೆ ಅತ್ತೆ ಅವನ ಕೈ ತೊಳೆಯಲು ಬಚ್ಚಲಿಗೆ ಹೋದವರು ಕಲ್ಲಿನ ಹಿಂದಿನ ಸತ್ತ ಕಡ್ಡಿಗಳನ್ನು ಕಂಡರು.

ನಾನು ಬೈಗುಳ ಎದುರು ನೋಡಿದ್ದೆ. ಬೈಗುಳ ಬಂದಿದ್ದರೆ ತಿರುಗಿಸಿ ಕೊಡಲು ನನಗೂ ಬರುತ್ತಿತ್ತು. ಅತ್ತೆ ದನಿ ಎತ್ತಲೇ ಇಲ್ಲ.

"ಇನ್ನೊಂದು ಕಿತ ಬೇರಿರೋ ಪುದೀನ ಈ ಅಂಗಳದಾಗೆ ಕಂಡ್ರೆ, ನಿನ್ನ ಬಚ್ಚಪ್ಪನ ಮನೆಗೆ ಬಿಟ್ಟು ಬತ್ತೀನಿ. ತಿರುಗಾ ಕರ್ಕೊಂಡು ಬರಾಕಿಲ್ಲ," ಎಂದರು. ಆಮೇಲೆ ಗೋಡೆಗೆ ಒರಗಿ ಕೂತು, "ನನ್ನ ಕೈಯಿಂದ ಒಬ್ರು ಒಂಟೋದ್ರು, ಸಾಕು ಕಣಮ್ಮಾ. ಮಗನ್ನ ನಿನ್ನ ಕೈಗೆ ಕೊಟ್ಟಿದೀನಿ," ಎಂದರು.

ಆಗ ನನಗೆ ಅರ್ಥವಾಯಿತು. ಇಷ್ಟು ವರ್ಷ ಈ ಹೆಂಗಸು ಗಂಡನನ್ನು ತಾನೇ ಕೊಂದೆ ಎಂದುಕೊಂಡು ಬದುಕಿದ್ದಾರೆ. ಒಂದು ಹಿಡಿ ಪುದೀನ ನೆಟ್ಟದ್ದಕ್ಕೆ. ನನಗೆ ಅಳು ಬಂತು, ಅದರ ಹಿಂದೆಯೇ ಎಂದೂ ಬರದಷ್ಟು ಕೋಪ ಬಂತು. ಅತ್ತೆಯ ಮೇಲಲ್ಲ. ಆ ಸತ್ತ ಕಡ್ಡಿಗಳ ಮೇಲೆ. ಪುದೀನ ನನ್ನ ಕೈಯಲ್ಲಿ ಸತ್ತದ್ದು ಅದೇ ಮೊದಲು. ಕಲ್ಲಿನ ಸಂದಿಯಲ್ಲಿ ಬದುಕುವ ಗಿಡ, ಬಚ್ಚಲ ನೀರು ಹರಿಯುವ ಕಡೆ ಸಾಯಬೇಕಾದರೆ ಏನೋ ಇರಬೇಕು. ಅದು ಏನು ಎಂದು ತಿಳಿಯದೆ ಬಿಡುವವಳು ನಾನಲ್ಲ.

ತಿಳಿದದ್ದು ಮಳೆ ಬಂದ ಮೇಲೆ. ಸೌದೆಗೆಂದು ಮಾರಿಯಮ್ಮನ ಜೊತೆ ಸೈನೈಡ್ ಗುಡ್ಡದ ಪಕ್ಕ ಹೋಗುತ್ತಿದ್ದೆ. ಗಣಿಯ ಕಲ್ಲನ್ನು ಅರೆದು, ಸೈನೈಡ್ ವಿಷ ಹಾಕಿ ಚಿನ್ನ ತೆಗೆದುಕೊಂಡ ಮೇಲೆ ಉಳಿದ ಪುಡಿಯನ್ನು ತಂದು ಸುರಿದು ಸುರಿದು ಆದ ಬಿಳಿ ಗುಡ್ಡ ಅದು. ಸುತ್ತ ಎಲ್ಲ ಕಡೆ ಹುಲ್ಲು ಎದ್ದಿತ್ತು, ತಂಗಡಿ ಚಿಗುರಿತ್ತು. ಗುಡ್ಡ ಮಾತ್ರ ಬೋಳು. ಒಂದು ಗರಿಕೆ ಇಲ್ಲ. ಮನೆಗೆ ಬಂದು ನೋಡುತ್ತೇನೆ, ಲೈನಿನ ಎಲ್ಲರ ಅಂಗಳದಲ್ಲೂ ಕಳೆ, ನಮ್ಮ ಅಂಗಳ ಬೋಳು. ಬಗ್ಗಿ ಒಂದು ಹಿಡಿ ಎತ್ತಿದೆ. ಅದೇ ಬಿಳುಪು, ಅದೇ ನುಣುಪು. ಸೊಣ್ಣಪ್ಪ ಮಾವ ಚೀಲದಲ್ಲಿ ಹೊತ್ತು ತಂದದ್ದು ಆ ಗುಡ್ಡದ ಮರಳನ್ನೇ.

ಹಳ್ಳಿಯಲ್ಲಾದರೆ ಗಿಡ ಸತ್ತರೆ ಮೊದಲು ಮಣ್ಣನ್ನು ಬೈಯುತ್ತೇವೆ. ಇಲ್ಲಿ ಎಲ್ಲರ ಕಣ್ಣೂ ನೆಲದ ಕೆಳಗೆ, ಗಣಿಯ ಕಡೆ. ಕಾಲಡಿಯ ಮಣ್ಣನ್ನು ಯಾರೂ ನೋಡಿರಲಿಲ್ಲ.

ಓಡಿಹೋಗಿ ಅತ್ತೆಗೆ ಹೇಳಿದೆ. ಅವರ ಮುಖ ಗಂಟಾಯಿತು.

"ನನ್ನ ಗಂಡ ಬೆವರು ಸುರಿಸಿ ತಂದ ಮರಳಿಗೆ ಕೊಂಕು ತೆಗೀತೀಯಾ?"

"ಕೊಂಕಲ್ಲ ಅತ್ತೆ, ತೋರಿಸ್ತೀನಿ."

"ಈ ಅಂಗಳದಾಗೆ ಬ್ಯಾಡ."

"ಸರಿ, ಈ ಅಂಗಳದಾಗೆ ಬ್ಯಾಡ," ಎಂದೆ. ನನಗೆ ಬೇಕಾಗಿದ್ದ ಮಾತು ಅದೇ. ಬೇರೆಯವರ ಅಂಗಳ ಬೇಡ ಎಂದು ಅವರು ಹೇಳಲಿಲ್ಲ.

ಅಪ್ಪನಿಗೆ ಹೇಳಿ ಕಳಿಸಿದೆ, ಕೆರೆ ಗೋಡು ಬೇಕು ಎಂದು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ತಳದಿಂದ ಎತ್ತಿ ಹೊಲಕ್ಕೆ ಹೊಡೆಯುವ ಕಪ್ಪು ಮಣ್ಣು ಅದು. ಅಪ್ಪ ಒಂದು ಮೂಟೆ ಕಟ್ಟಿ, ಮೇಲೊಂದು ಪುದೀನದ ಕಂತೆ ಇಟ್ಟುಕೊಂಡು ಬಂಗಾರಪೇಟೆಯಲ್ಲಿ ರೈಲು ಹತ್ತಿದ. ಉರಿಗಾಂ ಸ್ಟೇಷನ್ನಿನಲ್ಲಿ ಇಳಿದರೆ ಗಣಿ ಕಾವಲುಗಾರನೊಬ್ಬ ತಡೆದ. ಚಿನ್ನದ ಕಲ್ಲು ಮಣ್ಣಲ್ಲಿ ಬಚ್ಚಿಟ್ಟು ಸಾಗಿಸುವವರನ್ನು ಹಿಡಿದು ಅವನಿಗೆ ಅಭ್ಯಾಸ. ಮೂಟೆ ಬಿಚ್ಚಿಸಿದ, ಕೋಲಿನಿಂದ ತಿವಿದ, ಕೊನೆಗೆ ಕೈ ಹಾಕಿ ಕೆದಕಿದ. ಬರೀ ಮಣ್ಣು.

"ಎಲ್ಲಿಗೆ ಒಯ್ತಾ ಇದ್ದೀಯಾ?"

"ಉರಿಗಾಂಗೆ. ನಮ್ ಮಗಳು ಕೇಳವಳೆ."

"ಯೋ, ಇಲ್ಲಿಂದ ಮಣ್ಣು ಆಚೆಗೆ ಕದಿಯೋರನ್ನ ನೋಡಿದೀನಿ. ಆಚೆಯಿಂದ ಒಳಕ್ಕೆ ಮಣ್ಣು ಒತ್ಕೊಂಡು ಬರೋನ್ನ ನಿನ್ನನ್ನೇ ನೋಡಿದ್ದು. ಮನೇಲಿ ಎಲ್ಲಾರು ಚೆನ್ನಾಗವ್ರಾ?"

ಅಪ್ಪನಿಗೆ ನನ್ನಷ್ಟೇ ಕೋಪ. "ನಿಮ್ಮ ಚಿನ್ನ ನಿಮ್ಮೂರಾಗೇ ಇರ್ಲಿ, ನಮ್ಮ ಮಣ್ಣು ನಂಗೆ ಕಟ್ಟಿ ಕೊಡು," ಎಂದನಂತೆ. ಕಾವಲುಗಾರನ ಕೈಯಲ್ಲೇ ಮೂಟೆ ಕಟ್ಟಿಸಿಕೊಂಡು ಬಂದ.

ಮಾರಿಯಮ್ಮ ಎರಡು ಹಳೇ ಸೀಮೆಎಣ್ಣೆ ಡಬ್ಬ ಕೊಟ್ಟಳು. ತಳಕ್ಕೆ ಮೊಳೆಯಿಂದ ತೂತು ಹೊಡೆದು, ಒಂದಕ್ಕೆ ನಮ್ಮ ಅಂಗಳದ ಮರಳು, ಇನ್ನೊಂದಕ್ಕೆ ಅಪ್ಪನ ಗೋಡು ತುಂಬಿದೆ. ಒಂದೇ ಕಂತೆಯ ಕಡ್ಡಿ, ಒಂದೇ ನಲ್ಲಿಯ ನೀರು. ಎರಡನ್ನೂ ನಲ್ಲಿ ಪಕ್ಕ ಅವಳ ಗೋಡೆಗೆ ಒರಗಿಸಿ ಇಟ್ಟೆವು. ಬೇತಮಂಗಲದ ಕೆರೆಯ ನೀರು ಪೈಪಿನಲ್ಲಿ ಬರುವ ಹೊತ್ತಿಗೆ ಇಡೀ ಲೈನು ಅಲ್ಲಿ ಸಾಲು ನಿಲ್ಲುತ್ತದೆ. ಸಾಲಿನಲ್ಲಿ ನಿಂತ ಹೆಂಗಸರಿಗೆ ನೋಡಲು ಬೇರೇನಿದೆ? ಎಲ್ಲರಿಗೂ ವಿಷಯ ಗೊತ್ತಾಯಿತು. ಅತ್ತೆಯೂ ದಿನಾ ಬಿಂದಿಗೆ ಹಿಡಿದು ಅಲ್ಲೇ ನಿಲ್ಲಬೇಕು. ಮುಖ ಆ ಕಡೆ ತಿರುಗಿಸಿ ನಿಲ್ಲುತ್ತಿದ್ದರು. ಆದರೆ ಬಿಂದಿಗೆ ಎತ್ತಿಕೊಳ್ಳುವಾಗ ಒಂದು ಸಲ ಡಬ್ಬಗಳ ಕಡೆ ಕಣ್ಣು ಹೋಗುತ್ತಿತ್ತು, ನಾನು ಬಿಡದೆ ಗಮನಿಸುತ್ತಿದ್ದೆ.

ಅವರು ಇನ್ನೊಂದನ್ನೂ ನೋಡುತ್ತಿದ್ದರು. ಪಾಳಿ ಮುಗಿದ ಸೈರನ್ ಕೂಗು ಕೇಳಿದ ಕೂಡಲೇ ಬಾಗಿಲಿಗೆ ಬಂದು ನಿಲ್ಲುವರು. ಪುದೀನ ನೆಟ್ಟವಳು ಈ ಮನೆಯ ಸೊಸೆಯೇ ತಾನೆ? ಮಗ ತಿರುವಿನಲ್ಲಿ ಕಂಡ ಮೇಲೆಯೇ ಒಳಗೆ ಹೋಗುವರು. ಮಗ ದಿನಾ ಬಂದ, ಬೆರಳಿನ ಊತ ಇಳಿದು ಶಿಳ್ಳೆ ಹಾಕಿಕೊಂಡು ಬಂದ. ನಿಜ ಹೇಳಬೇಕೆಂದರೆ ಬಾಗಿಲ ಹಿಂದೆ ನಾನೂ ನಿಂತಿರುತ್ತಿದ್ದೆ. ಅವನಿಗೆ ಏನಾದರೂ ಆಗಿದ್ದರೆ ಮಣ್ಣಿನ ಮಾತನ್ನು ಯಾರು ಕೇಳುತ್ತಿದ್ದರು?

ಮರಳಿನ ಡಬ್ಬದ ಕಡ್ಡಿಗಳು ಆ ವಾರವೇ ಕಪ್ಪಾದವು. ಗೋಡಿನ ಡಬ್ಬದಲ್ಲಿ ಮೊದಲು ಎಲೆ ಬಾಡಿ ಹೆಂಗಸರೆಲ್ಲ ಅಯ್ಯೋ ಅಂದರು, ಆಮೇಲೆ ಗಿಣ್ಣಿನಲ್ಲಿ ಚಿಗುರು ಕಾಣಿಸಿತು. ನಾನು ಕುಡಿ ಚಿವುಟಿದೆ. ಚಿವುಟಿದ ಕಡೆ ಎರಡು ಕವಲು ಬಂತು, ಅದನ್ನೂ ಚಿವುಟಿದೆ. ಆಷಾಢ ಕಳೆಯುವಷ್ಟರಲ್ಲಿ ಪುದೀನ ಡಬ್ಬದ ಅಂಚು ಹತ್ತಿ ಹೊರಗೆ ಇಳಿದು, ನಲ್ಲಿಯ ನೀರು ಚೆಲ್ಲುವ ಕಡೆ ನೆಲ ಹುಡುಕುತ್ತಿತ್ತು.

ಒಂದು ಬೆಳಿಗ್ಗೆ ಸಾಲಿನಲ್ಲಿ ನಿಂತಿದ್ದ ಅತ್ತೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಅದು ಪುದೀನ ಅಲ್ಲ. ನಾಯಿತುಳಸಿ. ಇವಳು ನಂಗೆ ಟೋಪಿ ಆಕ್ತಾವಳೆ."

ನನಗೆ ಕೋಪ ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಮಾರಿಯಮ್ಮ ನನ್ನ ಸೊಂಟ ಚಿವುಟಿದಳು.

"ಪಾರುಂಗ ಅಕ್ಕಾ, ನೀವೇ ನೋಡಿ," ಎಂದಳು. "ಸಂತೇಲಿ ಎಷ್ಟು ಸಲ ತಿರುಗಿಸಿ ತಿರುಗಿಸಿ ನೋಡಿದ್ರಿ. ನಾಯಿತುಳಸಿನಾ ಅಲ್ವಾ ಅಂತ ನೀವೇ ಹೇಳಿ. ನಿಮ್ಮ ಮಾತೇ ಕಡೆ ಮಾತು."

ಅತ್ತೆ ಬಿಂದಿಗೆ ಕೆಳಗಿಟ್ಟರು. ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂತರು. ಬೇರಿರುವ ಪುದೀನವನ್ನು ಅವರು ಮುಟ್ಟದೆ ಎಷ್ಟು ವರ್ಷವಾಗಿತ್ತು. ಕೈ ಮುಂದೆ ಹೋಯಿತು, ನಿಂತಿತು, ಮತ್ತೆ ಹೋಯಿತು. ಕಡ್ಡಿಯನ್ನು ಎರಡು ಬೆರಳಲ್ಲಿ ಉರುಳಿಸಿದರು. ನಾಲ್ಕು ಮೂಲೆ. ಎಲೆಯ ಬುಡ ನೋಡಿದರು. ತೊಟ್ಟಿಲ್ಲ. ಒಂದು ಎಲೆ ಕಿತ್ತು ಅಂಗೈಯಲ್ಲಿ ಉಜ್ಜಿ ಮೂಗಿನ ಹತ್ತಿರ ಹಿಡಿದರು. ಆಮೇಲೆ ಪಕ್ಕದ ಡಬ್ಬದೊಳಗೆ ಕೈ ಹಾಕಿ, ಸತ್ತ ಕಡ್ಡಿಯ ಸುತ್ತಲಿನ ಬಿಳಿ ಮರಳನ್ನು ಹಿಡಿ ತುಂಬ ಎತ್ತಿದರು. ದಿನಾ ಗುಡಿಸುವ ಮರಳು ಅವರಿಗೆ ಗೊತ್ತಾಗದೇ ಇರುತ್ತದೆಯೇ.

"ಅಂಗಾದ್ರೆ ನಾನಲ್ಲ," ಎಂದರು. ಯಾರಿಗೆ ಹೇಳಿದರೋ ತಿಳಿಯದು.

ನಾನು ಪಕ್ಕದಲ್ಲಿ ಕೂತೆ. "ನೀವಲ್ಲ ಅತ್ತೆ. ಪುದೀನ ಮಾವನ್ನ ಕರ್ಕೊಂಡು ಓಗಲಿಲ್ಲ. ಮಾವ ಪಾಪ ತಿಳೀದೆ ತಂದ ಮರಳು ಪುದೀನನ್ನ ಸುಟ್ಟಾಕ್ತು. ಗಣಿ ಬಂಡೆ ಗಣೀದು. ಎರಡಕ್ಕೂ ಸಂಬಂಧ ಇಲ್ಲ."

ಅತ್ತೆ ಅಲ್ಲೇ ನಲ್ಲಿ ಕಟ್ಟೆಯ ಮೇಲೆ ಕೂತು ಅತ್ತರು. ದೊಡ್ಡ ದನಿ ತೆಗೆದು ಅತ್ತರು. ಬಿಂದಿಗೆಗಳು ತುಂಬಿ ಹರಿದವು, ಯಾರೂ ನಲ್ಲಿ ತಿರುಗಿಸಲಿಲ್ಲ. ನೀರು ಪೋಲಾದರೆ ರಂಪ ಮಾಡುವ ಮಾರಿಯಮ್ಮನೂ ಅವತ್ತು ಅತ್ತೆಯ ಬೆನ್ನು ಸವರುತ್ತ ಕೂತಳು.

ಮನೆಗೆ ಬಂದು ಕಣ್ಣು ಒರೆಸಿಕೊಂಡ ಅತ್ತೆ, ಮೂಲೆಯಿಂದ ಗುದ್ದಲಿ ತೆಗೆದರು. ನಾನು ತಡೆದೆ, ಗಂಡ ಬಂದ ಮೇಲೆ ಅಗೆಯಲಿ ಎಂದೆ. ಕೇಳಲಿಲ್ಲ. "ನನ್ನ ಗಂಡ ಆಕಿದ್ದು, ನಾನೇ ತೆಗೀತೀನಿ," ಎಂದು ಸೆರಗು ಸಿಕ್ಕಿಸಿ ಬಚ್ಚಲ ಪಕ್ಕದ ಮರಳನ್ನು ಅಗೆದು ಅಗೆದು ಕೆಂಪು ನೆಲ ಕಾಣಿಸಿದರು. ಆ ಮರಳನ್ನು ಆಚೆಗೆ ಎಸೆಯಲು ಮಾತ್ರ ಮನಸ್ಸು ಬರಲಿಲ್ಲ. ಬಾಗಿಲಿನಿಂದ ಬೀದಿಯವರೆಗೆ ನಡೆಯುವ ದಾರಿಗೆ ಹಾಸಿದೆವು. ಮಾವ ಅದನ್ನು ತಂದದ್ದೂ ಮನೆಯವರ ಕಾಲಿಗೆ ಕೊಚ್ಚೆ ತಾಗಬಾರದು ಎಂದೇ ಅಲ್ಲವೆ. ಅಪ್ಪ ಮತ್ತೆ ಗೋಡು ಹೊತ್ತು ತಂದ. ಕಾವಲುಗಾರ ಈ ಸಲ, "ಇನ್ನೂ ಎಷ್ಟು ಮೂಟೆ ಬಾಕಿ ಐತೆ?" ಎಂದಷ್ಟೇ ಕೇಳಿದನಂತೆ.

ಮೊದಲ ಕಡ್ಡಿಯನ್ನು ನೆಟ್ಟದ್ದು ಅತ್ತೆ. ಅವತ್ತು ಗಂಡ ಪಾಳಿಯಿಂದ ಬರುವವರೆಗೆ ನಾವಿಬ್ಬರೂ ಬಾಗಿಲಲ್ಲಿ ಒಟ್ಟಿಗೇ ನಿಂತಿದ್ದೆವು. ಬಂದ.

ಆಮೇಲೆ ಪುದೀನ ಹಿಂದೆ ತಿರುಗಿ ನೋಡಲಿಲ್ಲ. ಬಚ್ಚಲ ನೀರು ಕುಡಿದು ಅಂಗಳದ ಒಂದು ಮಗ್ಗುಲು ಪೂರಾ ಹಬ್ಬಿತು. ಹೂ ಬಿಡುವ ಮೊದಲೇ ಕೊಯ್ಯಬೇಕು, ಹೂ ಬಂದರೆ ಎಲೆ ಒರಟು ಎಂದು ನಾನು ಕಲಿಸಿದ್ದನ್ನು ಅತ್ತೆ ಎಲ್ಲರಿಗೂ ತಾವೇ ಕಂಡುಹಿಡಿದ ಹಾಗೆ ಕಲಿಸಿದರು. ನಾನು ಹಲ್ಲು ಕಚ್ಚಿ ಸುಮ್ಮನಿದ್ದೆ. ಗಂಡ ದಿನಾ ಎರಡನೇ ಮುದ್ದೆ ಕೇಳಿದ.

ಮೂರು ವರ್ಷದ ಮೇಲೆ ಮಾರಿಯಮ್ಮನ ಮಗಳ ಮದುವೆ. ಬಿರಿಯಾನಿಗೆ ಪುದೀನ ತರಲು ಹೋದವರು ಬಂಗಾರಪೇಟೆಯಿಂದ ಬರಿಗೈಯಲ್ಲಿ ಬಂದರು. ಹಿಂದಿನ ದಿನದ ಮಳೆಗೆ ಸಂತೆಯ ಸೊಪ್ಪೆಲ್ಲ ಕೊಳೆತಿತ್ತು. ಮಾರಿಯಮ್ಮ ನಮ್ಮ ಬಾಗಿಲಿಗೆ ಬಂದಳು. ನಾನು ಕುಡುಗೋಲು ಹಿಡಿದು ಅಂಗಳಕ್ಕೆ ಇಳಿದೆ. ಕೊಯ್ದಷ್ಟೂ ಇತ್ತು. ದೊಡ್ಡ ಬುಟ್ಟಿ ತುಂಬಿ ಮೇಲೆ ಗೋಪುರ ಏರಿತು. ಎತ್ತಲು ನಾನು ಬಗ್ಗಿದರೆ ಮಾರಿಯಮ್ಮ ನನ್ನ ಕೈ ತಳ್ಳಿದಳು.

"ನೀನಲ್ಲ. ಅಕ್ಕ ತರ್ಲಿ."

ಮಾವ ಹೋದ ಮೇಲೆ ಅತ್ತೆ ಯಾರ ಮದುವೆಯಲ್ಲೂ ಮುಂದೆ ನಿಂತವರಲ್ಲ. ಚಪ್ಪರದ ಹಿಂದೆ, ಪಾತ್ರೆಗಳ ಹತ್ತಿರ ಅವರ ಜಾಗ. "ನಾನ್ಯಾಕೆ, ಮದುವೆ ಮನೆ ಕಣೇ," ಎಂದು ಹಿಂದೆ ಸರಿದರು.

"ನಿಮ್ಮ ಕೈಯಿಂದಾನೇ ಬರ್ಬೇಕು. ಮುಂದಿನ ಬಾಗಿಲಿಂದಾನೇ," ಎಂದಳು ಮಾರಿಯಮ್ಮ. ನಲ್ಲಿಯ ಯಜಮಾನಿ ಹೇಳಿದ ಮೇಲೆ ಲೈನಿನಲ್ಲಿ ಎದುರಾಡುವವರು ಯಾರು?

ಅತ್ತೆ ಬುಟ್ಟಿ ತಲೆಗೇರಿಸಿಕೊಂಡು ಮಾವನ ಮರಳಿನ ದಾರಿ ಮೇಲೆ ನಡೆದು ಬೀದಿಗೆ ಇಳಿದರು. ಹಿಂದೆ ನಾನು. ಮನೆ ಮನೆಯಿಂದ ಹೆಂಗಸರು ಬಾಗಿಲಿಗೆ ಬಂದರು. ಪುದೀನದ ವಾಸನೆ ನಮಗಿಂತ ಮುಂದೆ ಹೋಗಿ ಚಪ್ಪರ ಸೇರಿತ್ತು. ಮುಂಬಾಗಿಲಲ್ಲಿ, ಬಾಳೆಕಂಬದ ನಡುವೆ, ಅತ್ತೆ ತಲೆ ಎತ್ತಿಕೊಂಡು ಒಳಗೆ ಹೋದರು. ನನ್ನ ಮದುವೆಯ ದಿನವೂ ನಾನು ಅಷ್ಟು ಹಿಗ್ಗಿರಲಿಲ್ಲ.

ಅಡುಗೆಯವನು ಹೊರ ಊರಿನವನು. ಬುಟ್ಟಿ ಇಳಿಸಿಕೊಂಡು, ಒಂದು ಎಲೆ ಉಜ್ಜಿ ಮೂಸಿ, ಹುಬ್ಬೇರಿಸಿದ.

"ಇಂಥ ಪುದೀನ ಎಲ್ಲಿ ಸಿಕ್ತಮ್ಮಾ ಈ ಮಳೇಲಿ?"

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಚಪ್ಪರದಲ್ಲಿದ್ದವರಿಗೆಲ್ಲ ಕೇಳುವ ದನಿಯಲ್ಲಿ ಹೇಳಿದರು:

"ನಮ್ಮ ಅಂಗಳದ್ದು. ನಮ್ಮನೆಗೆ ಪುದೀನ ಚೆನ್ನಾಗಿ ಆಗಿಬತ್ತದೆ."